ಪುಂಗೋಲಿನ ಹಂದಿಯೂ ನನ್ನ ಮೊಣಕಾಲೂ

ಪೊದೆಯಲ್ಲಿ ಕಟ್ಟಿದ್ದ ಕ್ಯಾಮೆರಾದಲ್ಲಿ ಸಿಕ್ಕ ಮೊದಲ ಚಿತ್ರದಲ್ಲಿ ಆ ಹೆಣ್ಣು ಕಾಡುಹಂದಿಯ ಕೊರಳ ಸುತ್ತ ಏನೋ ನೀಲಿಯಾಗಿ ಕಂಡಿತು. ಹಿಗ್ಗಿಸಿ ನೋಡಿದೆವು. ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಬಿಗಿದು ಕಟ್ಟುವ ಪ್ಲಾಸ್ಟಿಕ್ ಪಟ್ಟಿ. ಯಾರೋ ಎಸೆದ ಪಟ್ಟಿಯ ಬಳೆಯೊಳಗೆ ಅದು ಸಣ್ಣದಿದ್ದಾಗ ತಲೆ ತೂರಿಸಿರಬೇಕು. ಹಂದಿ ಬೆಳೆದಿತ್ತು, ಪಟ್ಟಿ ಬೆಳೆದಿರಲಿಲ್ಲ. ಈಗ ಅದು ಚರ್ಮ ಸೀಳಿ ಮಾಂಸದೊಳಕ್ಕೆ ಇಳಿದು, ಕಿವಿಯ ಕೆಳಗೆ ಮಾತ್ರ ಒಂದಿಷ್ಟು ಹೊರಗೆ ಕಾಣುತ್ತಿತ್ತು. ಹಿಂದೆ, ಬೆನ್ನ ಮೇಲೆ ಗೆರೆಗಳಿದ್ದ ಮರಿಗಳು ಒಂದರ ಹಿಂದೊಂದು ನಡೆಯುತ್ತಿದ್ದವು.

ಜಾಗ ಸಿಂಗಪುರದ ಪುಂಗೋಲಿನಲ್ಲಿ, ಪಾರ್ಕ್ ಕನೆಕ್ಟರ್ ಎಂದು ಕರೆಯುವ ನಡಿಗೆ-ಸೈಕಲ್ ಹಾದಿಯ ಪಕ್ಕದ ಖಾಲಿ ನಿವೇಶನ. ಒಂದು ಕಡೆ ಹೊಸ ಫ್ಲ್ಯಾಟುಗಳು, ಇನ್ನೊಂದು ಕಡೆ ನೀರು, ನಡುವೆ ಆಳೆತ್ತರದ ಹುಲ್ಲು ಮತ್ತು ತಾನಾಗಿ ಬೆಳೆದ ಮರಗಳು. ಬೆಳಗಾದರೆ ಓಡುವವರು, ಸೈಕಲ್ಲಿನವರು, ಮೊಮ್ಮಕ್ಕಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬರುವ ಅಜ್ಜಿಯರು. ನೋವಿನಲ್ಲಿರುವ ತಾಯಿಹಂದಿ ಅಂಥ ಕಡೆ ತಿರುಗಾಡುವುದು ಯಾರಿಗೂ ಒಳ್ಳೆಯದಲ್ಲ. ಮೇಲಾಗಿ ಆ ನಿವೇಶನದಲ್ಲಿ ಕಟ್ಟಡದ ಕೆಲಸ ಶುರುವಾಗುವುದಿತ್ತು.

“ಯಂತ್ರಗಳು ಬರುವುದರೊಳಗೆ ಪಟ್ಟಿ ತೆಗೆಯಲು ಆದರೆ ತೆಗೆಯಿರಿ. ಆಗದಿದ್ದರೆ ಅದನ್ನು ನೋವಿಲ್ಲದೆ ಮುಗಿಸಬೇಕಾಗುತ್ತದೆ” ಎಂದರು ವನ್ಯಜೀವಿ ಇಲಾಖೆಯ ಅಧಿಕಾರಿ. ಕಠಿಣವಾಗಿಯೇನೂ ಹೇಳಲಿಲ್ಲ. ತಾಯಿ ಹೋದರೆ ಮರಿಗಳ ಗತಿ ಏನೆಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ನಾನು ಪಶುವೈದ್ಯೆ. ವನ್ಯಪ್ರಾಣಿಗಳನ್ನು ಹಿಡಿದು ಚಿಕಿತ್ಸೆ ಕೊಡುವ ಗುತ್ತಿಗೆ ಸಂಸ್ಥೆಯೊಂದರಲ್ಲಿ ಕೆಲಸ. ಅರಿವಳಿಕೆ ಮದ್ದು ತುಂಬಿದ ಡಾರ್ಟನ್ನು ಗನ್ನಿನಿಂದ ಹಾರಿಸುವ ಪರವಾನಗಿ ನಮ್ಮ ತಂಡದಲ್ಲಿ ಇದ್ದದ್ದು ನನ್ನೊಬ್ಬಳಿಗೆ. ಒಂದು ಲೆಕ್ಕದಲ್ಲಿ ಅದೂ ಬೇಟೆಯೇ. ಗಾಳಿ ನೋಡಬೇಕು, ಹೆಜ್ಜೆ ಸದ್ದಾಗಬಾರದು, ಕಾಯಬೇಕು, ಗುರಿ ಇಡಬೇಕು. ಕೊನೆಗೆ ಪ್ರಾಣಿ ಎದ್ದು ಹೋಗಬೇಕು ಎನ್ನುವುದೊಂದೇ ವ್ಯತ್ಯಾಸ.

ಮೊದಲ ಪ್ರಯತ್ನ ಬೆಳಕು ಹರಿಯುವ ಹೊತ್ತಿಗೆ. ಹಂದಿಗೆ ಬೆವರುವುದು ಗೊತ್ತಿಲ್ಲ. ಬಿಸಿಲೇರಿದ ಮೇಲೆ ಅರಿವಳಿಕೆ ಕೊಟ್ಟರೆ ಮೈ ಕಾದು ಸಾಯಬಹುದು. ಹಾಗಾಗಿ ಈ ಊರಿನಲ್ಲಿ ನಮ್ಮ ಕೆಲಸವೆಲ್ಲ ಮುಂಜಾವಿನದು. ಬಿದ್ದ ಮರವೊಂದರ ಹಿಂದೆ ನಾನು ಕುಕ್ಕರಗಾಲಲ್ಲಿ ಕೂತೆ. ಪಕ್ಕದಲ್ಲಿ ನಮ್ಮ ಲೀಡರ್ ದೂರ ಅಳೆಯುವ ದುರ್ಬೀನು ಹಿಡಿದಿದ್ದರು. ಅವರು ಚೀನೀ ಮೂಲದ ಸಿಂಗಪುರದವರು, ವಯಸ್ಸು ಅರವತ್ತರ ಹತ್ತಿರ, ಹಿಂದೆ ಅಗ್ನಿಶಾಮಕ ಕೆಲಸದಲ್ಲಿದ್ದವರು. ರಜೆ ಸಿಕ್ಕಾಗ ಆಸ್ಟ್ರೇಲಿಯಾಕ್ಕೆ ಹೋಗಿ ಭಾವಮೈದುನನ ಜೊತೆ ಜಿಂಕೆ ಬೇಟೆ ಆಡುತ್ತಿದ್ದರು. ಅವರ ಇಂಗ್ಲಿಷನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಮಾತ್ರ ಅವರದೇ.

ಹಂದಿ ಬರಲು ತಡವಾಯಿತು. ಕಾಯುತ್ತಾ ನನ್ನ ತೊಡೆ ಮೊದಲು ಉರಿಯಿತು, ಆಮೇಲೆ ಜೋಮು ಹಿಡಿಯಿತು, ಆಮೇಲೆ ನಡುಗತೊಡಗಿತು. ಹಿಮ್ಮಡಿ ನೆಲಕ್ಕೆ ಊರದೆ ಬೆರಳ ತುದಿಯ ಮೇಲೇ ತೂಗಾಡುತ್ತಿದ್ದೆ. ಮಂಡಿಯೂರೋಣವೆಂದರೆ ಬಲಮೊಣಕಾಲು ಒಪ್ಪಲಿಲ್ಲ. ಕೊನೆಗೆ ಹಂದಿ ಹುಲ್ಲಿನಿಂದ ಹೊರಬಂದು ನನಗೆ ಅಡ್ಡಲಾಗಿ ನಿಂತಿತು. ಹಿಂತೊಡೆ ಸ್ಪಷ್ಟವಾಗಿ ಕಾಣುತ್ತಿತ್ತು. ಗನ್ನಿನ ತುದಿ ಮಾತ್ರ ನಿಲ್ಲಲಿಲ್ಲ. ತೊಡೆಯ ನಡುಕ ಸೊಂಟಕ್ಕೆ, ಸೊಂಟದ್ದು ಭುಜಕ್ಕೆ, ಭುಜದ್ದು ಕೊಳವೆಗೆ. ಇನ್ನು ಕೂರಲಾರೆ ಎನ್ನಿಸಿದ ಕ್ಷಣದಲ್ಲಿ ಗನ್ನಿನ ಕುದುರೆ ಒತ್ತಿದೆ.

ಡಾರ್ಟು ಅದರ ಹೊಟ್ಟೆಯ ಕೆಳಗಿನ ಕೆಸರಿಗೆ ಬಿತ್ತು. ಹಂದಿ ಒಮ್ಮೆ ಗುಟುರು ಹಾಕಿ ಮರಿಗಳ ಸಮೇತ ಮಾಯವಾಯಿತು. ನಾನು ಎದ್ದು ನಿಲ್ಲಲು ಹೋಗಿ ಪಕ್ಕಕ್ಕೆ ವಾಲಿದೆ. ಲೀಡರ್ ತೋಳು ಹಿಡಿದುಕೊಂಡರು.

“ಗುರಿ ಕೆಟ್ಟದ್ದಲ್ಲ ಡಾಕ್ಟರ್” ಎಂದರು. “ಕಾಲು ಸೋತಿತು, ಅಷ್ಟೇ ಲಾ.”

ಆಫೀಸಿನಲ್ಲಿ ಮ್ಯಾನೇಜರ್ ಇನ್ನೊಂದು ಸಂಸ್ಥೆಯ ಪಶುವೈದ್ಯರ ಹೆಸರು ಹೇಳಿ, ಅವರನ್ನು ಕರೆಸಬಹುದು ಎಂದರು. ನನಗೆ ಮುಖಕ್ಕೆ ಹೊಡೆದಂತಾಯಿತು. ಆದರೆ ಮನಸ್ಸಿನಲ್ಲೇ ಯೋಚಿಸಿದಾಗ ಅವರ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಹೇಗಿದ್ದರೂ ಹಂದಿ ಬೆದರಿತ್ತು. ಅದು ಮತ್ತೆ ಅದೇ ಜಾಗಕ್ಕೆ ನಂಬಿ ಬರಬೇಕಾದರೆ ಜೋಳ, ಹಲಸಿನ ಹಣ್ಣು ಇಟ್ಟು ಮೊದಲಿನಿಂದ ಅಭ್ಯಾಸ ಮಾಡಿಸಬೇಕು, ಅದಕ್ಕೆ ಕೆಲವು ವಾರ ಬೇಕು. ನಾನು ಹೇಳಿದೆ: “ಅವರನ್ನೂ ಗೊತ್ತು ಮಾಡಿಡಿ. ಅಷ್ಟರಲ್ಲಿ ನಾನು ತಯಾರಾಗುತ್ತೇನೆ. ಮತ್ತೆ ಡಾರ್ಟು ಹೊಡೆಯುವ ದಿನ ಹತ್ತಿರ ಬಂದಾಗ ಲೀಡರ್ ನನ್ನನ್ನು ನೋಡಿ ನಿರ್ಧರಿಸಲಿ. ಅವರು ಬೇಡ ಅಂದರೆ ಗನ್ ಕೊಟ್ಟುಬಿಡುತ್ತೇನೆ.” ಮ್ಯಾನೇಜರ್ ಒಪ್ಪಿದರು. ಆ ಒಪ್ಪಿಗೆಯ ಋಣ ಈಗಲೂ ನನ್ನ ಮೇಲಿದೆ. ಅವರಿಗೆ ಸುಲಭದ ದಾರಿ ಬೇರೆ ಇತ್ತು.

ತಯಾರಿ ಅಂದರೆ ಓಡುವುದು ಎಂದುಕೊಂಡಿದ್ದೆ. ನಮ್ಮ ಮನೆಯೂ ಪುಂಗೋಲಿನಲ್ಲೇ, ಆ ನಿವೇಶನದಿಂದ ಎಲ್‌ಆರ್‌ಟಿ ರೈಲಿನಲ್ಲಿ ಕೆಲವೇ ನಿಲ್ದಾಣ. ಹೊಸ ಬೂಟು ಹಾಕಿಕೊಂಡು ನೀರಿನ ಪಕ್ಕದ ಹಾದಿಯಲ್ಲಿ ಏದುಸಿರು ಬಿಡುತ್ತಾ ಓಡತೊಡಗಿದೆ. ಒಂದು ಬೆಳಿಗ್ಗೆ ಕುಂಟುತ್ತಾ ಲಿಫ್ಟಿಗೆ ಕಾಯುತ್ತಿದ್ದಾಗ ನಮ್ಮದೇ ಬ್ಲಾಕಿನ ಫಿಸಿಯೋಥೆರಪಿಸ್ಟ್ ಸಿಕ್ಕರು. ಉಡುಪಿ ಕಡೆಯವರು, ಆಸ್ಪತ್ರೆಯೊಂದರಲ್ಲಿ ವಯಸ್ಸಾದವರನ್ನು ಮತ್ತೆ ನಡೆಸುವ ಕೆಲಸ. ಗಣೇಶನ ಹಬ್ಬದಲ್ಲಿ ಒಂದೆರಡು ಸಲ ಮಾತಾಡಿದ ಪರಿಚಯ.

“ಎಂತ ಡಾಕ್ಟ್ರೇ, ಕಾಲಿಗೆ ಏನಾಯ್ತು?”

ಎಲ್ಲ ಹೇಳಿದೆ. ಹಂದಿ, ಪಟ್ಟಿ, ಕೆಸರಿಗೆ ಬಿದ್ದ ಡಾರ್ಟು. ಲಿಫ್ಟು ಬಂದು ಹೋಯಿತು, ಇಬ್ಬರೂ ಹತ್ತಲಿಲ್ಲ.

“ಅಲ್ಲ ಮಾರಾಯ್ರೆ, ಹಂದಿ ನಿಮ್ಮನ್ನ ಅಟ್ಟಿಸ್ಕೊಂಡು ಬರ್ತದಾ?”

“ಇಲ್ಲಪ್ಪ.”

“ನೀವು ಅದನ್ನ ಅಟ್ಟಿಸ್ಕೊಂಡು ಹೋಗ್ಬೇಕಾ?”

“ಹೋಗಲೇಬಾರದು.”

“ಮತ್ತೆ ಓಡುದು ಎಂತಕ್ಕೆ? ನಿಮ್ಗೆ ಬೇಕಾಗಿರೋದು ಕೂರೋದು, ಏಳೋದು, ಹೊರೋದು, ಉಸಿರು ಇಳಿಸೋದು. ಇಲ್ಲೇ ಕೂತು ತೋರಿಸಿ ನೋಡುವಾ.”

ಲಿಫ್ಟಿನ ಮುಂದೆಯೇ ಕೂತೆ. ಹಿಮ್ಮಡಿ ಮೇಲೆದ್ದಿತು, ಬೆನ್ನು ಬಿಲ್ಲಾಯಿತು, ಏಳುವಾಗ ಗೋಡೆ ಹಿಡಿದೆ. ಅವರು ನಗಲಿಲ್ಲ. ಬಗ್ಗಿ ನನ್ನ ಹಿಮ್ಮಡಿಯ ಹಿಂದಿನ ನರವನ್ನು ಒತ್ತಿ ನೋಡಿದರು, ಬಲಮೊಣಕಾಲಿನ ಚಿಪ್ಪನ್ನು ಅತ್ತಿತ್ತ ಸರಿಸಿದರು. “ಮೊಣಕಾಲಿಗೆ ಏನೂ ಆಗಿಲ್ಲ. ಕೆಳಗಿನ ಪಾದ ಬಗ್ತಾ ಇಲ್ಲ, ಮೇಲಿನ ಸೊಂಟಕ್ಕೆ ಶಕ್ತಿ ಇಲ್ಲ. ಮಧ್ಯದಲ್ಲಿ ಪಾಪ ಇದು ಇಬ್ಬರದ್ದೂ ಕೆಲಸ ಮಾಡ್ತಾ ಉಂಟು. ನಾಳೆ ಬೆಳಿಗ್ಗೆ ಕೆಳಗೆ ವಾಯ್ಡ್ ಡೆಕ್‌ಗೆ ಬನ್ನಿ.”

ಹೀಗೆ ಶುರುವಾಯಿತು. ವಾಯ್ಡ್ ಡೆಕ್ ಅಂದರೆ ಬ್ಲಾಕಿನ ನೆಲಮಟ್ಟದಲ್ಲಿ ಗೋಡೆಯಿಲ್ಲದೆ ಬಿಟ್ಟ ತೆರೆದ ಜಾಗ. ಅಲ್ಲಿನ ಕಂಬವೊಂದನ್ನು ಎರಡೂ ಕೈಯಲ್ಲಿ ಹಿಡಿದು, ಹಿಮ್ಮಡಿಯ ಕೆಳಗೆ ಮಡಿಸಿದ ಟವೆಲ್ ಇಟ್ಟು, ನಿಧಾನವಾಗಿ ಕೂರುವುದು. ದಿನ ಕಳೆದಂತೆ ಟವೆಲ್ಲಿನ ಮಡಿಕೆ ತೆಳ್ಳಗಾಗಬೇಕು. ಕೂತಲ್ಲೇ ಮೂಗಿನಿಂದ ಉಸಿರೆಳೆದು, ಎಳೆದ ಎರಡರಷ್ಟು ಹೊತ್ತು ಬಾಯಿಂದ ಬಿಡುವುದು. ಹಲ್ಲುಜ್ಜುವಾಗ ಒಂಟಿ ಕಾಲು. ಎರಡು ಕೈಯಲ್ಲಿ ಎರಡು ನೀರಿನ ಕ್ಯಾನು ತೂಗಿಸಿಕೊಂಡು, ಭುಜ ಜೋತು ಬೀಳದಂತೆ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡಿಗೆ. ಅದು ಸ್ಟ್ರೆಚರ್ ಹೊರುವುದಕ್ಕಂತೆ. “ನಿಮ್ಮ ಹಂದಿಗೆ ಮಾತ್ರ ಅಲ್ಲ, ಎನ್‌ಟಿಯುಸಿ ಅಂಗಡಿಯಿಂದ ಅಕ್ಕಿ ತರುದಕ್ಕೂ ಇದೇ” ಎಂದರು.

ಗನ್ನು ಮನೆಗೆ ತರುವಂತಿಲ್ಲ. ಅದರ ತೂಕಕ್ಕೆ ಸರಿಯಾಗಿ ದೊಡ್ಡ ಕೊಡೆಯೊಂದಕ್ಕೆ ಹೆಸರುಬೇಳೆಯ ಪೊಟ್ಟಣ ಕಟ್ಟಿಕೊಂಡು, ಕೂತ ಭಂಗಿಯಲ್ಲಿ ಭುಜಕ್ಕೆ ಒರಗಿಸಿ, ಎದುರಿನ ನೋಟಿಸ್ ಬೋರ್ಡಿನ ಒಂದು ಮೊಳೆಗೆ ಗುರಿಯಿಟ್ಟು ಕೂರುತ್ತಿದ್ದೆ. ಪಕ್ಕದ ಕಲ್ಲಿನ ಮೇಜಿನಲ್ಲಿ ಚದುರಂಗ ಆಡುವ ವೃದ್ಧರಿಬ್ಬರು ಆಟ ನಿಲ್ಲಿಸಿ ನೋಡುತ್ತಿದ್ದರು. ಒಂದು ದಿನ ಅವರಲ್ಲೊಬ್ಬರು ತಡೆಯಲಾರದೆ ಕೇಳಿಯೇಬಿಟ್ಟರು:

“ಆಂಟಿ, ಮಳೆಗೆ ಗುಂಡು ಹೊಡೆಯೋದಾ?”

“ಹಂದಿಗೆ ಅಂಕಲ್” ಎಂದೆ. ಅವರು ನಂಬಲಿಲ್ಲ. ಆದರೂ ಮರುದಿನದಿಂದ ಗುಡ್ ಮಾರ್ನಿಂಗ್ ಹೇಳತೊಡಗಿದರು.

ಎರಡನೆಯ ವಾರ ನನಗೆ ಉತ್ಸಾಹ ಜಾಸ್ತಿಯಾಯಿತು. ಬೆನ್ನಿಗೆ ಅಕ್ಕಿಚೀಲ ಹಾಕಿಕೊಂಡು ನಮ್ಮ ಬ್ಲಾಕಿನ ಮೆಟ್ಟಿಲು ಕೊನೆಯ ಮಹಡಿವರೆಗೂ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ, ಮತ್ತೆ ಇಳಿದೆ. ಮಾರನೆಯ ದಿನ ಬಲಮೊಣಕಾಲು ಸಿಹಿಗುಂಬಳದಂತೆ ಊದಿತ್ತು. ಫಿಸಿಯೋ ಬಂದು ನೋಡಿ ಹಣೆ ಚಚ್ಚಿಕೊಂಡರು.

“ಹತ್ತಿ ಅಂತ ಹೇಳಿದ್ದು ಹೌದು. ಇಳೀರಿ ಅಂತ ಯಾರು ಹೇಳಿದ್ರು? ಇಳಿಯುವಾಗಲೇ ಅಲ್ವಾ ಮೊಣಕಾಲಿಗೆ ಏಟು! ಸರ್ಕಾರ ಲಿಫ್ಟ್ ಹಾಕ್ಸಿದ್ದು ಎಂತಕ್ಕೆ?”

ವಾರವಿಡೀ ಮಂಜುಗಡ್ಡೆ, ಕಾಲು ದಿಂಬಿನ ಮೇಲೆ. ಆ ವಾರವೇ ನಮ್ಮ ಹಂದಿಯ ಕಡೆಯಿಂದಲೂ ಕೆಟ್ಟ ಸುದ್ದಿ. ಮಳೆ ಬಿದ್ದು ನಾವಿಟ್ಟ ಜೋಳವೆಲ್ಲ ಕೊಚ್ಚಿಹೋಯಿತು, ಹಂದಿ ಸತತವಾಗಿ ಕೆಲವು ದಿನ ಕ್ಯಾಮೆರಾಗೆ ಸಿಗಲೇ ಇಲ್ಲ. ಸಿಕ್ಕಾಗ ಕೊರಳಿನ ಗಾಯದ ಅಂಚು ಕಪ್ಪಾಗಿತ್ತು, ನೊಣ ಮುತ್ತಿತ್ತು. ತಲೆ ಒಂದು ಬದಿಗೆ ವಾಲಿಸಿ ನಡೆಯುತ್ತಿತ್ತು. ಮರಿಯೊಂದು ಹಾಲಿಗೆ ಬಂದರೆ ತಾಯಿ ಮಲಗದೆ ಮುಂದೆ ಹೋಗುವುದು ಒಂದು ತುಣುಕಿನಲ್ಲಿ ಕಂಡಿತು. ಮಲಗಿದರೆ ಕೊರಳು ನೆಲಕ್ಕೆ ಒತ್ತುತ್ತದೆ, ನೋವಾಗುತ್ತದೆ. ಅದನ್ನು ನಾನು ಮೂರು ಸಲ ಹಾಕಿ ನೋಡಿದೆ, ಕಾಲು ನೋಡಲು ಬಂದ ಫಿಸಿಯೋ ಅವರಿಗೂ ತೋರಿಸಿದೆ. ಹಲಸಿನ ತೊಳೆಯೊಳಗೆ ಆ್ಯಂಟಿಬಯಾಟಿಕ್ ಇಟ್ಟು ತಿನ್ನಿಸುವ ವ್ಯವಸ್ಥೆ ಮಾಡಿದೆವು. ಅದು ತಿಂದದ್ದೆಷ್ಟು, ಬೇರೆ ಹಂದಿಗಳ ಪಾಲಾದದ್ದೆಷ್ಟು, ಹೇಳುವಂತಿರಲಿಲ್ಲ.

ನನ್ನ ಗಂಡ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಬ್ಯಾಂಕೊಂದರ ಐಟಿಯಲ್ಲಿದ್ದಾರೆ. ನಾನು ಕಾಲು ಮೇಲಿಟ್ಟುಕೊಂಡು ಮುಖ ಸಣ್ಣ ಮಾಡಿ ಕೂತದ್ದನ್ನು ನೋಡಿ ಹೇಳಿದರು, “ಬಿಟ್ಬಿಡೇ. ಇನ್ನೊಬ್ಬರು ಡಾಕ್ಟ್ರು ಇದ್ದಾರಲ್ಲ, ಅವರೇ ಹೊಡೀಲಿ. ನಿಂಗ್ಯಾಕೆ ಈ ವಯಸ್ಸಲ್ಲಿ ಇದೆಲ್ಲ?”

“ಅವರು ಹೊಡೀಲಿ, ನಂಗೇನೂ ಬೇಜಾರಿಲ್ಲ” ಎಂದೆ. “ಆದ್ರೆ ಹೊಡೆದ ಮೇಲೆ ಹಂದೀನ ಹೊರಬೇಕಲ್ಲ, ಅದರ ಪಕ್ಕ ಕೂತು ಗಾಯ ಬಿಡಿಸ್ಬೇಕಲ್ಲ. ಅದಕ್ಕಾದ್ರೂ ಈ ಕಾಲು ಬೇಕು ಕಣ್ರೀ.”

ಅವರು ಮತ್ತೆ ಬೇಡ ಎನ್ನಲಿಲ್ಲ. ಮರುದಿನ ತಾವೇ ಬೇಗ ಎದ್ದು ಮಂಜುಗಡ್ಡೆಯ ಚೀಲ ತಂದಿಟ್ಟು ಕೆಲಸಕ್ಕೆ ಹೋದರು. ಆಮೇಲೆ ಊತ ಇಳಿದು ನಾನು ಮತ್ತೆ ಶುರು ಮಾಡಿದಾಗ, ಮೆಟ್ಟಿಲ ಮೇಲೆ ನನ್ನ ಹಿಂದೆ ಇನ್ನೊಂದು ಜೊತೆ ಹೆಜ್ಜೆಯ ಸದ್ದು ಕೇಳುತ್ತಿತ್ತು. ಮೇಲಿನ ಮಹಡಿ ತಲುಪಿ, ಮಾತಾಡಲು ಉಸಿರಿಲ್ಲದೆ ಇಬ್ಬರೂ ಲಿಫ್ಟಿನ ಗುಂಡಿ ಒತ್ತುತ್ತಿದ್ದೆವು.

ಬದಲಾವಣೆ ಬಂದದ್ದು ನನಗಿಂತ ಮೊದಲು ಅವರಿಗೇ ಗೊತ್ತಾಯಿತು. “ಈಗ ಸೋಫಾದಿಂದ ಏಳುವಾಗ ‘ಅಯ್ಯಮ್ಮಾ’ ಅನ್ನೋದು ನಿಲ್ಲಿಸಿದ್ದೀಯ ಕಣೇ” ಎಂದರು. ಹೌದಲ್ಲ! ಕಿಟಕಿಯಾಚೆ ಬಟ್ಟೆ ಒಣಹಾಕುವ ಬಿದಿರುಗೋಲನ್ನು ಒಂದೇ ಕೈಯಲ್ಲಿ ಎತ್ತಿ ಸಿಕ್ಕಿಸುತ್ತಿದ್ದೆ. ಮಂಚದಡಿ ಉರುಳಿದ ಕಿವಿಯೋಲೆ ತೆಗೆಯಲು ಯಾರನ್ನೂ ಕೂಗಬೇಕಾಗಿರಲಿಲ್ಲ. ಕಾಲು ಕೈ ಕೊಡುವ ತನಕ ಇಂಥವು ನಮ್ಮ ಲೆಕ್ಕಕ್ಕೇ ಬರುವುದಿಲ್ಲ.

ಮಳೆ ನಿಂತ ಮೇಲೆ ಹಂದಿ ಮತ್ತೆ ಜೋಳಕ್ಕೆ ಬರತೊಡಗಿತು. ಯಂತ್ರಗಳು ಬರುವ ದಿನವೂ ಹತ್ತಿರವಾಗಿತ್ತು. ಲೀಡರ್ ನನ್ನನ್ನು ನಮ್ಮ ಉಗ್ರಾಣದ ಹಿತ್ತಿಲಿಗೆ ಕರೆದುಕೊಂಡು ಹೋಗಿ, ಬೆನ್ನಿಗೆ ಔಷಧದ ಚೀಲ ಹಾಕಿಸಿ ಮೂರು ಸುತ್ತು ವೇಗವಾಗಿ ನಡೆಸಿ, ತಕ್ಷಣ ಕೂರಿಸಿ ಕೈಗೆ ಗನ್ ಕೊಟ್ಟರು. ಖಾಲಿ ಡಾರ್ಟು. ಗುರಿ, ಗೋಣಿತಟ್ಟಿನ ಮೇಲೆ ಬರೆದ ಒಂದು ವೃತ್ತ. ಉಸಿರು ಬಿಟ್ಟೆ, ಅದು ಪೂರ್ತಿ ಇಳಿದ ಜಾಗದಲ್ಲಿ ಕುದುರೆ ಒತ್ತಿದೆ. ಡಾರ್ಟು ವೃತ್ತದೊಳಗಿತ್ತು. ಅವರು ಬೆನ್ನು ತಟ್ಟಲಿಲ್ಲ, ಹೊಗಳಲಿಲ್ಲ. “ಗುರುವಾರ” ಎಂದರು. ಇನ್ನೊಬ್ಬ ಪಶುವೈದ್ಯರಿಗೂ ಫೋನು ಮಾಡಿ, ಗಾಯದ ಕೆಲಸಕ್ಕೆ ಕೈಜೋಡಿಸಲು ಬನ್ನಿ ಎಂದು ಕರೆದರು. ಅವರು ಒಂದೇ ಮಾತಿಗೆ ಒಪ್ಪಿ ಬಂದರು.

ಗುರುವಾರ ಬೆಳಗಿನ ಜಾವ ಪಾರ್ಕ್ ಕನೆಕ್ಟರಿನ ಎರಡೂ ತುದಿಯಲ್ಲಿ ನಮ್ಮವರು ನಿಂತು ಜನರನ್ನು ತಡೆದರು. ಲೀಡರ್ ಮತ್ತು ನಾನು ಗಾಳಿಗೆ ಎದುರಾಗಿ ಹುಲ್ಲಿನೊಳಗೆ ಹೋಗಿ ಕೂತೆವು. ಹಿಮ್ಮಡಿ ನೆಲಕ್ಕೆ ಊರಿತು. ಆ ಸಣ್ಣ ಸಂಗತಿಗೆ ಎಷ್ಟು ಸಂತೋಷವಾಯಿತೆಂದರೆ, ಹಂದಿ ಬರದಿದ್ದರೂ ಸರಿ ಎನ್ನಿಸಿತು.

ಬಂತು. ಮೊದಲು ಮರಿಗಳು, ಆಮೇಲೆ ತಾಯಿ. ಕೊರಳ ವಾಸನೆ ನಮ್ಮವರೆಗೂ ಬರುತ್ತಿತ್ತು. ಅದು ಜೋಳಕ್ಕೆ ಮುಖ ಹಾಕಿ ನಮಗೆ ನೇರವಾಗಿ ತಿರುಗಿ ನಿಂತಿತು. ಆ ಕೋನದಲ್ಲಿ ಹೊಡೆಯುವಂತಿಲ್ಲ, ಕೊರಳಿಗಂತೂ ಸಾಧ್ಯವೇ ಇಲ್ಲ, ನಮಗೆ ಬೇಕಾದ್ದು ಹಿಂತೊಡೆಯ ದಪ್ಪ ಮಾಂಸ. ಕಾದೆವು. ಅದು ತಿರುಗಿತು, ಆದರೆ ಅದರ ಹಿಂದೆ ಸರಿಯಾಗಿ ಒಂದು ಮರಿ. ಮತ್ತೆ ಕಾದೆವು. ತೊಡೆ ಉರಿಯಿತು. ಉರಿಯಲಿ ಎಂದು ಬಿಟ್ಟೆ. ಸೊಳ್ಳೆಯೊಂದು ರೆಪ್ಪೆಯ ಮೇಲೆ ಕೂತಿತು. ಉಸಿರು ಒಳಗೆ, ನಿಧಾನವಾಗಿ ಹೊರಗೆ. ಲೀಡರ್ ಅಳತೆಯ ದುರ್ಬೀನಿನಿಂದ ಕಣ್ಣು ತೆಗೆಯದೆ ಬೆರಳಲ್ಲಿ ದೂರ ಸೂಚಿಸಿದರು, ನಾನು ಡಾರ್ಟನ್ನು ತಳ್ಳುವ ಗನ್ನಿನ ಗಾಳಿಯ ಒತ್ತಡ ಒಂದು ಗೆರೆ ಇಳಿಸಿದೆ. ಮರಿ ಸರಿಯಿತು. ಕೊಳವೆ ನಿಂತಿತ್ತು.

ಟಪ್ ಎಂದು ಸಣ್ಣ ಸದ್ದು. ಡಾರ್ಟಿನ ಕೆಂಪು ಗೊಂಡೆ ಅದರ ತೊಡೆಯ ಮೇಲೆ ನೆಟ್ಟಿತ್ತು. ಹಂದಿ ಹಾರಿ, ನಾಲ್ಕು ಹೆಜ್ಜೆ ಓಡಿ, ನಿಂತು, ಏನೂ ಆಗಿಲ್ಲವೆಂಬಂತೆ ನಡೆಯತೊಡಗಿತು.

ಮದ್ದು ಏರಲು ಒಂದಷ್ಟು ಹೊತ್ತು ಬೇಕು. ಅಷ್ಟು ಹೊತ್ತು ಅದನ್ನು ಬೆದರಿಸದೆ, ಕಣ್ಣಿಗೆ ತಪ್ಪಿಹೋಗದಂತೆ ಹಿಂಬಾಲಿಸಬೇಕು. ಹಿಂದೊಮ್ಮೆ ಲೀಡರ್ ಹೇಳಿದ್ದ ಮಾತು ಆಗ ಅರ್ಥವಾಯಿತು: ಬೇಟೆಗಾರನ ಕಾಲಿಗೆ ನಿಜವಾದ ಕೆಲಸ ಗುರಿ ತಗುಲಿದ ಮೇಲೆ. ಹಂದಿ ಎಂದಿನ ದಾರಿ ಬಿಟ್ಟು ನೀರಿನ ಕಡೆಗೆ ತಿರುಗಿತ್ತು. ಮೈ ಬೆಚ್ಚಗಾದಂತೆ ಕೆಸರು, ನೀರು ಹುಡುಕುವುದು ಅದರ ಸ್ವಭಾವ. ಅಲ್ಲಿ ಹೋಗಿ ಪ್ರಜ್ಞೆ ತಪ್ಪಿದರೆ ಮೂಗು ನೀರಿನೊಳಗಾಗಿ ಮುಳುಗಿಯೇ ಸಾಯುತ್ತದೆ.

“ಓಡಿ ಅಡ್ಡ ಹಾಕೋಣ!” ಲೀಡರ್ ಪಿಸುಗುಟ್ಟಿದರು. ಆಗಲೇ ಅರ್ಧ ಎದ್ದಿದ್ದರು.

ಓಡಿದರೆ ಅದು ಬೆದರುತ್ತದೆ. ಬೆದರಿದ ಪ್ರಾಣಿಯ ಮೈಯಲ್ಲಿ ಮದ್ದು ನಾಟುವುದಿಲ್ಲ, ಮೈ ಕಾಯುತ್ತದೆ, ನೀರಿಗೆ ಇನ್ನೂ ಬೇಗ ನುಗ್ಗುತ್ತದೆ. ನಿಂತು ನೋಡಿದರೆ ಹೇಗೂ ನೀರಿಗೆ ಹೋಗುತ್ತದೆ. ಯೋಚಿಸಲು ಹೆಚ್ಚು ಸಮಯವಿರಲಿಲ್ಲ. ಎಡಕ್ಕೆ ಹಳೆಯ ಕಾಲುವೆಯ ಏರಿಯೊಂದಿತ್ತು, ಬಳಸು ದಾರಿ, ಕೆಸರು, ಆದರೆ ಹಂದಿಯ ಕಣ್ಣಿಗೆ ಮರೆ.

“ಬೇಡ. ನೀವು ಹಿಂದೆಯೇ ಇರಿ, ಅದರ ಮೇಲಿಂದ ಕಣ್ಣು ತೆಗೆಯಬೇಡಿ. ನಾನು ಸುತ್ತಿ ಹೋಗಿ ನೀರಿನ ಮುಂದೆ ನಿಲ್ಲುತ್ತೇನೆ.”

ಅವರು ನನ್ನ ಮೊಣಕಾಲನ್ನೊಮ್ಮೆ ನೋಡಿದರು. “ಹೋಗಿ ಲಾ” ಎಂದರು.

ಔಷಧದ ಚೀಲ ಬೆನ್ನ ಮೇಲೆಯೇ ಇತ್ತು. ಬಗ್ಗಿದ ಭಂಗಿಯಲ್ಲಿ, ಕಾಲನ್ನು ಪ್ರತಿ ಸಲ ಕೆಸರಿನಿಂದ ಕಿತ್ತು, ಸದ್ದಾಗದಂತೆ ಇಟ್ಟು, ಮತ್ತೆ ಕಿತ್ತು. ಏರಿ ಹತ್ತುವಾಗ ಕೈ ಬಳಸಲಿಲ್ಲ, ಇಳಿಯುವಾಗ ಲಿಫ್ಟ್ ಇರಲಿಲ್ಲ, ಅಡ್ಡಡ್ಡವಾಗಿ ಇಳಿದೆ. ನೀರಿನ ಅಂಚು ತಲುಪಿ ಹುಲ್ಲಿನಿಂದ ಹೊರಬಂದು ನೆಟ್ಟಗೆ ನಿಂತೆ. ಹಂದಿ ಇಪ್ಪತ್ತು ಮಾರು ದೂರದಲ್ಲಿತ್ತು. ಹಿಂಗಾಲು ಆಗಲೇ ತೂರಾಡುತ್ತಿತ್ತು. ಅದು ನನ್ನನ್ನು ನೋಡಿತು. ನಾನು ಅಲುಗಾಡಲಿಲ್ಲ. ಕೈ ಎತ್ತಲಿಲ್ಲ, ಸದ್ದು ಮಾಡಲಿಲ್ಲ. ಮನುಷ್ಯರೊಬ್ಬರು ಅಲ್ಲಿದ್ದಾರೆ ಎಂದು ಅದಕ್ಕೆ ಗೊತ್ತಾದರೆ ಸಾಕಿತ್ತು. ಅದು ನುಗ್ಗಿ ಬಂದಿದ್ದರೆ ಏನಾಗುತ್ತಿತ್ತೋ, ಆ ಯೋಚನೆ ಬಂದದ್ದು ಸಂಜೆ ಸ್ನಾನ ಮಾಡುವಾಗ.

ಹಂದಿ ಮೂತಿ ಎತ್ತಿ ಗಾಳಿ ಹಿಡಿಯಿತು. ಆಮೇಲೆ ಸೋತವರಂತೆ ಬಲಕ್ಕೆ ತಿರುಗಿ, ಒಣಹುಲ್ಲಿನ ಮೇಲೆ ಹೋಗಿ, ಮುಂಗಾಲು ಮಡಚಿ ಮಲಗಿತು. ಮರಿಗಳು ಪೊದೆಯೊಳಗೆ ಸೇರಿಕೊಂಡವು.

ಕಣ್ಣಿಗೆ ಬಟ್ಟೆ ಕಟ್ಟಿದೆವು. ಗುದದ್ವಾರದಲ್ಲಿ ಉಷ್ಣಮಾಪಕ ಇಟ್ಟೆ, ಇರಬೇಕಾದ್ದಕ್ಕಿಂತ ಹೆಚ್ಚಿತ್ತು, ಏರುತ್ತಲೂ ಇತ್ತು. ಅಷ್ಟರಲ್ಲಿ ಸೂರ್ಯ ಫ್ಲ್ಯಾಟುಗಳ ಮೇಲೆ ಬಂದಿದ್ದ. ಅಲ್ಲೇ ಕೆಲಸ ಮಾಡುವಂತಿರಲಿಲ್ಲ, ಮರದ ನೆರಳಿಗೆ ಒಯ್ಯಬೇಕು. ದಪ್ಪ ತಾಡಪಾಲನ್ನು ಮೈಯಡಿ ತೂರಿಸಿ ನಾಲ್ಕು ಮೂಲೆಗೆ ನಾಲ್ವರು: ಲೀಡರ್, ನಮ್ಮ ತಂಡದ ಇನ್ನೊಬ್ಬರು, ಆ ಪಶುವೈದ್ಯರು ಮತ್ತು ನಾನು. “ಬೆನ್ನಲ್ಲ, ಕಾಲಿಂದ ಎತ್ತಿ” ಎಂದು ನನ್ನದೇ ದನಿ ಹೇಳಿತು. ಮಾತು ಮಾತ್ರ ಫಿಸಿಯೋ ಅವರದು. ಕೂತೆವು, ಹಿಡಿದೆವು, ಎದ್ದೆವು. ಹುಲ್ಲು ಮುಖಕ್ಕೆ ಬಡಿಯುತ್ತಿತ್ತು, ನಡುವೆ ಒಮ್ಮೆಯೂ ಇಳಿಸಲಿಲ್ಲ. ನನ್ನ ಮೂಲೆ ಜೋತು ಬೀಳಲಿಲ್ಲ. ಅದನ್ನು ಬೇರೆ ಯಾರೂ ಗಮನಿಸಿರಲಾರರು.

ನೆರಳಿನಲ್ಲಿ ತೊಡೆಸಂದಿಗೆ ಮಂಜಿನ ಚೀಲ ಇಟ್ಟು, ಹೊಟ್ಟೆಯ ಮೇಲೆ ನೀರು ಸುರಿಯುತ್ತಾ ಇದ್ದರು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪಟ್ಟಿಯ ತುದಿ ಹುಡುಕಿದೆ. ಬಾಗಿದ ಕತ್ತರಿಯ ಮೊಂಡು ತುದಿಯನ್ನು ಮಾಂಸ ಮತ್ತು ಪ್ಲಾಸ್ಟಿಕ್ಕಿನ ನಡುವೆ ಇಂಚಿಂಚಾಗಿ ತೂರಿಸಬೇಕು. ಪಕ್ಕದಲ್ಲೇ ದೊಡ್ಡ ರಕ್ತನಾಳ ಬಡಿದುಕೊಳ್ಳುತ್ತಿರುತ್ತದೆ. ಕಟ್ ಎಂದಾಗ ಪಟ್ಟಿ ಎರಡಾಯಿತು. ಎಳೆಯಲಿಲ್ಲ. ಲವಣಜಲ ಹಾಕಿ ನೆನೆಸಿ, ಅಂಟಿಕೊಂಡ ಮಾಂಸದಿಂದ ಬಿಡಿಸಿಕೊಳ್ಳುತ್ತಾ ಒಂದು ಸುತ್ತು ಹೊರಗೆ ತೆಗೆದೆ. ಆ ಪಶುವೈದ್ಯರು ಚಿಮಟದಲ್ಲಿ ಒಂದೊಂದೇ ಹುಳ ತೆಗೆದರು. ಸತ್ತ ಅಂಚನ್ನು ಕತ್ತರಿಸಿದೆವು, ತೊಳೆದೆವು, ನೊಣ ಕೂರದಂತೆ ಮದ್ದು ಸಿಂಪಡಿಸಿದೆವು, ಆ್ಯಂಟಿಬಯಾಟಿಕ್ ಮತ್ತು ನೋವಿನ ಚುಚ್ಚುಮದ್ದು ಕೊಟ್ಟೆವು. ಮೈಯ ಕಾವು ಇಳಿಯತೊಡಗಿತ್ತು.

ಎಲ್ಲರೂ ದೂರ ಸರಿದ ಮೇಲೆ ನಾನು ಪ್ರತಿಮದ್ದು ಚುಚ್ಚಿ, ಕಣ್ಣಿನ ಬಟ್ಟೆ ತೆಗೆದು, ಒಂದೇ ಏಟಿಗೆ ಎದ್ದು ಹಿಂದಕ್ಕೆ ನಡೆದೆ. ಹಂದಿ ಕಿವಿ ಅಲ್ಲಾಡಿಸಿತು. ಏಳಲು ನೋಡಿ ಕುಸಿಯಿತು. ಮತ್ತೆ ಕುಸಿಯಿತು. ಮೂರನೆಯ ಸಲ ನಾಲ್ಕೂ ಕಾಲು ಅಗಲಿಸಿ ನಿಂತು, ತಲೆ ಕೊಡವಿತು. ಅದೆಷ್ಟು ಕಾಲದ ಮೇಲೆ ಆ ಕೊರಳು ಹಾಗೆ ಸಲೀಸಾಗಿ ಅಲುಗಿತ್ತೋ, ತಾನೇ ಬೆರಗಾದಂತೆ ಇನ್ನೊಮ್ಮೆ ಕೊಡವಿತು. ಆಮೇಲೆ ಗಂಟಲಿನಿಂದ ಸಣ್ಣದಾಗಿ ಕರೆಯಿತು. ಪೊದೆ ಅಲುಗಿ ಒಂದು ಮರಿ ಹೊರಬಂತು, ಇನ್ನೊಂದು, ಮತ್ತೊಂದು.

ಲೀಡರ್ ನನ್ನ ಕೈ ಕುಲುಕಲು ಕೈ ಚಾಚಿದರು. ನನ್ನ ಕೈಯಲ್ಲಿ ಕೀವು, ರಕ್ತ. ಪರವಾಗಿಲ್ಲ ಎಂದು ಹಿಡಿದುಕೊಂಡೇಬಿಟ್ಟರು. “ಡಾಕ್ಟರ್, ನಾನಾಗಿದ್ದರೆ ಅಡ್ಡ ಹಾಕಲು ಓಡಿಬಿಡುತ್ತಿದ್ದೆ ಲಾ” ಎಂದಷ್ಟೇ ಹೇಳಿದರು.

ಯಂತ್ರಗಳು ಬರುವುದರೊಳಗೆ ಜೋಳದ ಜಾಗವನ್ನು ದಿನದಿನಕ್ಕೆ ಸರಿಸುತ್ತಾ ಅದನ್ನು ನಿವೇಶನದಾಚೆಯ ದೊಡ್ಡ ಕಾಡಿನ ತುಣುಕಿನ ಕಡೆಗೆ ಕರೆದೊಯ್ದೆವು. ಗಾಯ ಒಣಗುತ್ತಿರುವುದು ಕ್ಯಾಮೆರಾದಲ್ಲಿ ಕಾಣುತ್ತಿತ್ತು. ಆಫೀಸಿನಲ್ಲಿ ಎಲ್ಲರೂ ಕೇಳಿದರು: ಎಷ್ಟು ದೂರದಿಂದ ಹೊಡೆದಿರಿ, ಹಂದಿ ಎಷ್ಟು ತೂಕವಿತ್ತು, ಹೆದರಿಕೆ ಆಗಲಿಲ್ಲವೇ. ಖುಷಿಯಿಂದಲೇ ಹೇಳಿದೆ. ಆದರೆ ನಾನು ದಿನಾ ಬಂದೊಡನೆ ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದದ್ದು ಬೇರೆ.

ಅದು ಸಿಕ್ಕ ದಿನ ಫಿಸಿಯೋ ಅವರಿಗೆ ಫೋನ್ ಮಾಡಿದೆ. ಅವರು ಆಸ್ಪತ್ರೆಯಿಂದ ಎಂಆರ್‌ಟಿ ರೈಲಿನಲ್ಲಿ ಬರುತ್ತಿದ್ದರು, ಹಿಂದೆ ಬಾಗಿಲು ಮುಚ್ಚುವ ಸದ್ದು ಕೇಳಿಸಿತು. ನಿಮ್ಮಿಂದಾಗಿ ಇದೆಲ್ಲ ಆಯಿತು ಎಂದು ಹೇಳಬೇಕೆಂದಿದ್ದೆ. ಕಂಬ, ಟವೆಲು, ಬೈಗುಳ, ಎಲ್ಲಕ್ಕೂ ಸೇರಿಸಿ ಒಂದು ದೊಡ್ಡ ಥ್ಯಾಂಕ್ಸನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಅವರು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

“ಅದೆಲ್ಲ ಇರ್ಲಿ ಡಾಕ್ಟ್ರೇ. ಅದು ಮರಿಗಳಿಗೆ ಹಾಲು ಕೊಡ್ತದಾ ಈಗ? ಅದನ್ನ ಹೇಳಿ ಮೊದಲು.”

ನನ್ನ ಮುಂದಿನ ಪರದೆಯ ಮೇಲೆ ಹಂದಿ ಒಂದು ಮಗ್ಗುಲಿಗೆ ಪೂರ್ತಿ ಮೈಚಾಚಿ, ಕೊರಳನ್ನು ನೆಲಕ್ಕೆ ಹಾಸಿ ಮಲಗಿತ್ತು. ಅದರ ಹೊಟ್ಟೆಯುದ್ದಕ್ಕೂ ಗೆರೆಗೆರೆಯ ಬೆನ್ನುಗಳು ಒಂದರ ಪಕ್ಕ ಒಂದು ಒತ್ತಿಕೊಂಡಿದ್ದವು.

“ಕೊಡ್ತಿದೆ” ಎಂದೆ. “ಮಲಗಿಕೊಂಡು ಕೊಡ್ತಿದೆ.”



“ಸಾಕು ಮಾರಾಯ್ರೆ” ಎಂದರು ಅವರು. “ಅಷ್ಟೇ ಸಾಕು.”